ಬೀಕರಿನಿಂದ ಕೊಪ್ಪರಿಗೆಗೆ

ಬೆಂಗಳೂರಿನಿಂದ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರು, ಕಲಬುರ್ಗಿ, ಸೊಲ್ಲಾಪುರ, ಪುಣೆಗಳನ್ನು ದಾಟಿ ಮುಂಬಯಿಯ ದಾದರ್ ಸೇರುವ ಹೊತ್ತಿಗೆ ಹೆಚ್ಚೂಕಡಿಮೆ ಒಂದು ರಾತ್ರಿ, ಒಂದು ಹಗಲು ಕಳೆದಿರುತ್ತದೆ. ದಾದರಿನಿಂದ ಕಲ್ಯಾಣದ ಕಡೆಗೆ ಹೋಗುವ ಸ್ಲೋ ಲೋಕಲ್ ಹತ್ತಿದರೆ ಮುಂದಿನ ನಿಲ್ದಾಣವೇ ಮಾಟುಂಗ. ಪೂರ್ವದ ಬದಿಗೆ ಇಳಿದು ಹೊರಬಂದರೆ ಮಲ್ಲಿಗೆ ಮಾಲೆ, ಬಾಳೆಲೆ, ವೀಳ್ಯದೆಲೆಗಳ ಅಂಗಡಿಸಾಲು. ಹುರಿದ ಕಾಫಿಬೀಜದ ಘಮ. ಕಿವಿಗೆ ತಮಿಳು, ತುಳು, ಕೊಂಕಣಿ, ಗುಜರಾತಿಗಳ ಜೊತೆಗೆ ಕನ್ನಡವೂ ಬೀಳುತ್ತದೆ. ನಿಲ್ದಾಣದ ಹತ್ತಿರವೇ 1942ರಿಂದ ಊಟ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಭಾವು ದಾಜಿ ರಸ್ತೆಯಲ್ಲಿ ಮುಂಬಯಿ ಕನ್ನಡಿಗರ ಮೈಸೂರು ಅಸೋಸಿಯೇಷನ್ ಇದೆ. ಮೊದಲ ಸಲ ಬಂದವರಿಗೂ ಪರ ಊರು ಅನ್ನಿಸದ ಜಾಗವಿದು.

ಈ ಪೇಟೆಯ ಗದ್ದಲವನ್ನು ಹಿಂದೆ ಬಿಟ್ಟು ಮರಗಳ ನೆರಳಿನ ರಸ್ತೆಗಳಲ್ಲಿ ನಡೆದರೆ ವಿದ್ಯಾಸಂಸ್ಥೆಗಳ ಸಾಲು ಎದುರಾಗುತ್ತದೆ. ಖಾಲ್ಸಾ ಕಾಲೇಜು, ವಿಜೆಟಿಐ ಎಂಬ ಹಳೆಯ ಎಂಜಿನಿಯರಿಂಗ್ ಸಂಸ್ಥೆ, ಅದರ ನೆರೆಯಲ್ಲೇ ನಾಥಾಲಾಲ್ ಪಾರೇಖ್ ಮಾರ್ಗದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ. ಹಳಬರ ಬಾಯಲ್ಲಿ ಇದು ಇಂದಿಗೂ 'ಯುಡಿಸಿಟಿ'. ಬಹಳ ಕಾಲ ಮುಂಬಯಿ ವಿಶ್ವವಿದ್ಯಾಲಯದ ಕೆಮಿಕಲ್ ಟೆಕ್ನಾಲಜಿ ವಿಭಾಗವಾಗಿದ್ದ ಸಂಸ್ಥೆ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಆವರಣ ದೊಡ್ಡದೇನಲ್ಲ. ಆದರೆ ಭಾರತದ ಬಣ್ಣ, ಔಷಧ, ಪ್ಲಾಸ್ಟಿಕ್, ಪೆಟ್ರೋಲಿಯಂ ಉದ್ಯಮಗಳ ಕಥೆ ಹೇಳುವವರು ಈ ಗೇಟನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಪ್ರವೇಶದ ದಿನಗಳಲ್ಲಿ ಈ ಹಾದಿಯಲ್ಲಿ ಅಂಕಪಟ್ಟಿಯ ಫೈಲು ಹಿಡಿದ ಮಕ್ಕಳು, ಚೀಲ ಹೊತ್ತ ತಂದೆ ತಾಯಿಗಳು ಕಾಣುತ್ತಾರೆ. ಅವರಲ್ಲಿ ಮಂಡ್ಯದ ಕಡೆಯ ಒಬ್ಬ ಅಪ್ಪ, ಅವರ ಮಗಳು ಇದ್ದಾರೆ ಎಂದಿಟ್ಟುಕೊಳ್ಳೋಣ. ಅಪ್ಪನಿಗೆ ಒಂದಿಷ್ಟು ಕಬ್ಬಿನ ಗದ್ದೆ, ಒಂದು ಆಲೆಮನೆ. ಮಗಳಿಗೆ ಪಿಯುಸಿಯಲ್ಲಿ ರಸಾಯನ ವಿಜ್ಞಾನದಲ್ಲಿ ಒಳ್ಳೆಯ ಅಂಕ. ದಾರಿಯುದ್ದಕ್ಕೂ ಅಪ್ಪನ ಪ್ರಶ್ನೆಗಳು ಮೂರೇ.

"ಕೆಮಿಸ್ಟ್ರಿ ಓದೋಕೆ ಬಿಎಸ್‌ಸಿ ಸಾಲ್ದೇನವ್ವ? ಇದಕ್ಕೆ ಎಂಜಿನಿಯರಿಂಗ್ ಯಾಕೆ? ಆ ಗ್ಯಾಸು, ಆಸಿಡ್ಡು, ಅಪಾಯ ಅಲ್ವಾ? ಎಲ್ರೂ ಕಂಪ್ಯೂಟರ್ ಅನ್ನೋವಾಗ ಇದನ್ನ ಓದಿದ್ರೆ ಮುಂದೇನು?"

ಮೂರೂ ನ್ಯಾಯವಾದ ಪ್ರಶ್ನೆಗಳು. ಉತ್ತರ ಈ ಆವರಣದಲ್ಲೂ ಇದೆ, ಅವರ ಆಲೆಮನೆಯಲ್ಲೂ ಇದೆ.

ಗಿರಣಿಗಳ ಊರಿನ ಅಗತ್ಯ

ಮುಂಬಯಿ ಆಗ ಬಟ್ಟೆ ಗಿರಣಿಗಳ ನಗರ. ನೂಲು ಇಲ್ಲಿ, ನೇಯ್ಗೆ ಇಲ್ಲಿ. ಆದರೆ ಬಟ್ಟೆಗೆ ಹಾಕುವ ಕೃತಕ ಬಣ್ಣ ಮಾತ್ರ ವಿದೇಶದ್ದು. ಬಣ್ಣದ ರಸಾಯನ ಬಲ್ಲವರು, ಅದನ್ನು ಗಿರಣಿಯ ಪ್ರಮಾಣದಲ್ಲಿ ನಿಭಾಯಿಸಬಲ್ಲವರು ಇಲ್ಲಿಯೇ ತಯಾರಾಗಬೇಕು ಎಂಬ ಅಗತ್ಯದಿಂದ 1933ರ ಅಕ್ಟೋಬರ್ 1ರಂದು ವಿಶ್ವವಿದ್ಯಾಲಯದ ಈ ವಿಭಾಗ ಹುಟ್ಟಿತು. ಮೊದಲಿಗೆ ಇದ್ದದ್ದು ಎರಡೇ ವಿಷಯ: ಟೆಕ್ಸ್‌ಟೈಲ್ ಕೆಮಿಸ್ಟ್ರಿ ಮತ್ತು ಕೆಮಿಕಲ್ ಎಂಜಿನಿಯರಿಂಗ್. ಆರಂಭದ ವರ್ಷಗಳಲ್ಲಿ ಬೇರೆ ಕಟ್ಟಡದಲ್ಲಿದ್ದ ವಿಭಾಗ ಮಾಟುಂಗಕ್ಕೆ ಬಂದದ್ದು ಆಮೇಲೆ.

ಇದರ ಹಿಂದೆ ದುಡಿದವರಲ್ಲಿ ಮುಖ್ಯರು ಆಗಿನ ಉಪಕುಲಪತಿ ಸರ್ ವಿಠಲ ಚಂದಾವರ್ಕರ್. ಗಿರಣಿ ಉದ್ಯಮದೊಳಗೇ ಇದ್ದು ಅದರ ಕೊರತೆ ಬಲ್ಲವರು. ಅವರ ತಂದೆ ಸರ್ ನಾರಾಯಣ ಗಣೇಶ ಚಂದಾವರ್ಕರ್ ಹುಟ್ಟಿದ್ದು ಉತ್ತರ ಕನ್ನಡದ ಹೊನ್ನಾವರದಲ್ಲಿ. ಅದೇ 1933ರಲ್ಲಿ ಅತ್ತ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು ಎಂಬುದೂ ನೆನಪಿಡಬೇಕಾದ ಸಂಗತಿ. ಒಂದು ಕಡೆ ಬಣ್ಣ, ಇನ್ನೊಂದು ಕಡೆ ಸಕ್ಕರೆ. ಎರಡಕ್ಕೂ ಬೇಕಾದ ಎಂಜಿನಿಯರು ಒಂದೇ ಜಾತಿಯವನು.

1938ರಲ್ಲಿ ಪ್ರೊ. ಕೆ. ವೆಂಕಟರಾಮನ್ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಕೃತಕ ಬಣ್ಣಗಳ ರಸಾಯನದ ಬಗ್ಗೆ ಅವರು ಬರೆದ ಬೃಹತ್ ಗ್ರಂಥ 1952ರಲ್ಲಿ ಬಂದಾಗ ಜಗತ್ತಿನ ಬಣ್ಣದ ಉದ್ಯಮವೇ ಅದನ್ನು ಆಧಾರವಾಗಿ ಹಿಡಿಯಿತು. ಬಣ್ಣವನ್ನು ಹೊರದೇಶದಿಂದ ತರಿಸುತ್ತಿದ್ದ ನಾಡು ಬಣ್ಣದ ಪಾಠ ಹೇಳುವ ನಾಡಾದದ್ದು ಎರಡೇ ದಶಕದಲ್ಲಿ. ಆವರಣದ ಸಭಾಂಗಣ ಇಂದು ಅವರ ಹೆಸರಿನಲ್ಲಿದೆ.

ಆಲೆಮನೆಯ ಲೆಕ್ಕ

ಈಗ ಅಪ್ಪನ ಮೊದಲ ಪ್ರಶ್ನೆ. ಆಲೆಮನೆಯಲ್ಲಿ ನಡೆಯುವುದೇನು? ಕಬ್ಬು ಅರೆಯುತ್ತಾರೆ. ರಸ ಸೋಸುತ್ತಾರೆ. ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣ ಹಾಕಿ, ಮೇಲೆ ಬಂದ ಕೊಳೆ ತೆಗೆಯುತ್ತಾರೆ. ನೀರು ಬತ್ತಿಸುತ್ತಾರೆ. ಹದ ಬಂದ ಕೂಡಲೇ ಇಳಿಸಿ ಅಚ್ಚಿಗೆ ಸುರಿಯುತ್ತಾರೆ. ಅರೆಯುವುದು, ಸೋಸುವುದು, ಬತ್ತಿಸುವುದು, ಗಟ್ಟಿಯಾಗಿಸುವುದು ಎಂಬ ಈ ಕೆಲಸಗಳೇ ಸಕ್ಕರೆ ಕಾರ್ಖಾನೆಯಲ್ಲೂ ಉಪ್ಪಿನ ಕಾರ್ಖಾನೆಯಲ್ಲೂ ಔಷಧದ ಕಾರ್ಖಾನೆಯಲ್ಲೂ ಇವೆ. ವಸ್ತು ಯಾವುದೇ ಇರಲಿ, ಮಾಡುವ ಕೆಲಸಗಳು ಕೆಲವೇ. ಅವನ್ನು ಚೆನ್ನಾಗಿ ಕಲಿತವನು ಯಾವ ಕಾರ್ಖಾನೆಯಲ್ಲಾದರೂ ನಿಲ್ಲಬಲ್ಲ. ಈ ವಿಚಾರವನ್ನು 1915ರಲ್ಲಿ ಅಮೆರಿಕದ ಆರ್ಥರ್ ಲಿಟ್ಲ್ 'ಯೂನಿಟ್ ಆಪರೇಷನ್ಸ್' ಎಂಬ ಹೆಸರಿನಲ್ಲಿ ಮುಂದಿಟ್ಟರು. ಕೆಮಿಕಲ್ ಎಂಜಿನಿಯರಿಂಗ್ ಒಂದು ಸ್ವತಂತ್ರ ಶಾಸ್ತ್ರವಾಗಿ ನಿಂತದ್ದು ಈ ಅಡಿಪಾಯದ ಮೇಲೆ.

ಹಾಗಾದರೆ ರಸಾಯನ ವಿಜ್ಞಾನಿಗೂ ಕೆಮಿಕಲ್ ಎಂಜಿನಿಯರನಿಗೂ ಏನು ವ್ಯತ್ಯಾಸ? ಒಂದು ಲೆಕ್ಕ ಮಾಡಿ ನೋಡಬಹುದು. 10 ಸೆಂಟಿಮೀಟರ್ ಬಾಹುವಿನ ಒಂದು ಘನಾಕೃತಿಯ ಪಾತ್ರೆ ಇದೆ. ಅದರಲ್ಲಿ ಹಿಡಿಯುವುದು 1 ಲೀಟರ್. ಆರು ಮುಖಗಳ ವಿಸ್ತೀರ್ಣ 600 ಚದರ ಸೆಂಟಿಮೀಟರ್. ಈಗ ಬಾಹುವನ್ನು ಹತ್ತರಷ್ಟು, ಅಂದರೆ 1 ಮೀಟರ್ ಮಾಡಿ. ಹಿಡಿಯುವುದು 1,000 ಲೀಟರ್. ಮುಖಗಳ ವಿಸ್ತೀರ್ಣ 60,000 ಚದರ ಸೆಂಟಿಮೀಟರ್. ಮೊದಲ ಪಾತ್ರೆಯಲ್ಲಿ ಒಂದು ಲೀಟರಿಗೆ ಹೊರಮೈ 600 ಚದರ ಸೆಂಟಿಮೀಟರ್ ಇದ್ದರೆ, ದೊಡ್ಡದರಲ್ಲಿ ಬರೀ 60.

ಶಾಖ ಹೊರಗೆ ಹೋಗುವುದು ಹೊರಮೈಯಿಂದ. ಆದ್ದರಿಂದಲೇ ಲೋಟದ ಕಾಫಿ ಬೇಗ ಆರುತ್ತದೆ, ಮದುವೆಮನೆಯ ಹಂಡೆಯ ಸಾರು ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಬೀಕರಿನಲ್ಲಿ ತಣ್ಣಗೆ ನಡೆದ ಕ್ರಿಯೆಯೊಂದು ಸಾವಿರ ಲೀಟರಿನ ಟ್ಯಾಂಕಿನಲ್ಲಿ ತನ್ನದೇ ಶಾಖವನ್ನು ಹೊರಹಾಕಲಾರದೆ ಕಾಯತೊಡಗುತ್ತದೆ. ಹಲವು ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿಗೆ ಸುಮಾರು ಎರಡರಷ್ಟಾಗುತ್ತದೆ. ಕಾದಷ್ಟೂ ವೇಗ, ವೇಗ ಹೆಚ್ಚಿದಷ್ಟೂ ಕಾವು. ಸೂತ್ರ ಅದೇ, ವಸ್ತು ಅದೇ; ಬದಲಾದದ್ದು ಪ್ರಮಾಣ ಮಾತ್ರ. ಆ ಪ್ರಮಾಣದ ಹೊಣೆ ಹೊರುವವನೇ ಕೆಮಿಕಲ್ ಎಂಜಿನಿಯರು.

ಆಲೆಮನೆಯಲ್ಲಿ ಇನ್ನೊಂದು ಸಂಗತಿಯೂ ಇದೆ. ಕೊಪ್ಪರಿಗೆಯಿಂದ ಏಳುವ ಹಬೆಯೆಲ್ಲ ಆಕಾಶಕ್ಕೆ ಹೋಗುತ್ತದೆ. ಒಲೆಗೆ ಹಾಕಿದ ಕಬ್ಬಿನ ಸಿಪ್ಪೆಯ ಶಾಖದ ದೊಡ್ಡ ಪಾಲು ಆ ಹಬೆಯಲ್ಲಿ ಅಡಗಿದೆ. ಅಮೆರಿಕದ ಲೂಸಿಯಾನದಲ್ಲಿ ಹುಟ್ಟಿದ ನಾರ್ಬರ್ಟ್ ರಿಲ್ಯೂ ಎಂಬ ಎಂಜಿನಿಯರು 1840ರ ದಶಕದಲ್ಲಿ ಇದನ್ನು ತಡೆಯುವ ಉಪಾಯ ಹುಡುಕಿದ. ಮೊದಲ ಪಾತ್ರೆಯ ಹಬೆಯಿಂದ ಎರಡನೆಯ ಪಾತ್ರೆಯನ್ನು, ಎರಡನೆಯದರ ಹಬೆಯಿಂದ ಮೂರನೆಯದನ್ನು ಕುದಿಸುವುದು. ಮುಂದಿನ ಪಾತ್ರೆಗಳಲ್ಲಿ ಗಾಳಿಯ ಒತ್ತಡ ಕಡಿಮೆ ಮಾಡಿದರೆ ರಸ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಉರುವಲೂ ಉಳಿಯಿತು, ಸಕ್ಕರೆಯೂ ಸೀಯಲಿಲ್ಲ. ಕರಿಯರನ್ನು ಗುಲಾಮರಾಗಿಟ್ಟಿದ್ದ ಕಾಲದಲ್ಲಿ ಕರಿಯ ಮೂಲದ ತಾಯಿಯ ಮಗ ಕಂಡ ಈ ತತ್ತ್ವದಿಂದಲೇ ಇಂದಿಗೂ ಸಕ್ಕರೆ ಕಾರ್ಖಾನೆಗಳು ರಸವನ್ನು ಬತ್ತಿಸುತ್ತಿವೆ.

ಸಿಡಿದ ಕೊಳವೆ

ಬೀಕರಿನಿಂದ ಕಾರ್ಖಾನೆಗೆ ಹೋಗುವ ದಾರಿ ಎಷ್ಟು ಕಷ್ಟದ್ದು ಎನ್ನುವುದಕ್ಕೆ ಪಠ್ಯಪುಸ್ತಕದ ಅಮೋನಿಯವೇ ಸಾಕ್ಷಿ. ಗಾಳಿಯ ಸಾರಜನಕವನ್ನು ಜಲಜನಕದೊಡನೆ ಸೇರಿಸಿ ಅಮೋನಿಯ ಪಡೆಯಬಹುದೆಂದು ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಮೇಜಿನ ಮೇಲೆ ತೋರಿಸಿದರು. ಬಂದದ್ದು ತೊಟ್ಟು ತೊಟ್ಟಾಗಿ. ಅದನ್ನು ಟನ್‌ಗಟ್ಟಲೆ ಮಾಡುವ ಕೆಲಸ ಕಾರ್ಲ್ ಬಾಷ್ ಎಂಬ ಎಂಜಿನಿಯರರ ಪಾಲಿಗೆ ಬಂತು.

ದೊಡ್ಡ ಉಕ್ಕಿನ ಕೊಳವೆಗಳು ಸಿಡಿದವು. ಪರೀಕ್ಷಿಸಿದಾಗ ತಿಳಿದದ್ದು, ಭಾರೀ ಒತ್ತಡದ ಬಿಸಿ ಜಲಜನಕ ಉಕ್ಕಿನೊಳಗೆ ನುಗ್ಗಿ ಅದರ ಇಂಗಾಲವನ್ನೇ ತಿಂದುಹಾಕುತ್ತದೆ, ಉಕ್ಕು ಬಲಗೆಡುತ್ತದೆ ಎಂದು. ಬಾಷ್ ಒಳಗೆ ಇಂಗಾಲವಿಲ್ಲದ ಮೆದು ಕಬ್ಬಿಣದ ಪದರ ಹಾಕಿಸಿದರು. ಹೊರಗಿನ ಉಕ್ಕಿಗೆ ಸಣ್ಣ ಸಣ್ಣ ತೂತು ಕೊರೆಸಿದರು. ಒಸರಿದ ಜಲಜನಕ ತೂತಿನಿಂದ ಹೊರಗೆ ಹೋಯಿತು, ಉಕ್ಕು ಉಳಿಯಿತು. 1913ರಲ್ಲಿ ಓಪೌ ಎಂಬಲ್ಲಿ ಕಾರ್ಖಾನೆ ಆರಂಭವಾಯಿತು. ಹೇಬರ್‌ಗೆ 1918ರ ನೊಬೆಲ್, ಬಾಷ್‌ಗೆ 1931ರ ನೊಬೆಲ್. ಕಂಡುಹಿಡಿದವನಿಗೂ ದೊಡ್ಡದು ಮಾಡಿದವನಿಗೂ ಒಂದೇ ಗೌರವ ದೊರೆತದ್ದು ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ. ರೈತರ ಯೂರಿಯಾ ಚೀಲ ಇಂದಿಗೂ ಈ ಇಬ್ಬರ ಋಣದಲ್ಲಿದೆ.

ನಾಲ್ಕು ವರ್ಷ ಏನು ಕಲಿಸುತ್ತಾರೆ?

ಪದವಿ ನಾಲ್ಕು ವರ್ಷದ್ದು. ಆರಂಭದಲ್ಲಿ ಗಣಿತ, ಭೌತ, ರಸಾಯನ. ಜೊತೆಗೇ ಬರುವ ಮುಖ್ಯ ಪಾಠ ದ್ರವ್ಯ ಮತ್ತು ಶಕ್ತಿಯ ಲೆಕ್ಕ. ಒಳಗೆ ಹೋದದ್ದೆಲ್ಲ ಹೊರಗೆ ಬಂದಿರಬೇಕು, ಇಲ್ಲವೇ ಒಳಗೆ ಉಳಿದಿರಬೇಕು. ಲೆಕ್ಕ ಹೊಂದದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮನೆಯ ಜಮಾಖರ್ಚು ಬರೆಯುವ ತಾಯಿಗೆ ಇದನ್ನು ವಿವರಿಸಬೇಕಾಗಿಲ್ಲ. ನಂತರ ದ್ರವಗಳ ಹರಿವು, ಶಾಖದ ಸಾಗಣೆ, ಬಟ್ಟಿ ಇಳಿಸುವ ಸ್ತಂಭಗಳು, ರಿಯಾಕ್ಟರುಗಳ ವಿನ್ಯಾಸ, ನಿಯಂತ್ರಣ, ಸುರಕ್ಷತೆ, ವೆಚ್ಚದ ಲೆಕ್ಕ. ಕೊನೆಗೆ ಒಂದು ಇಡೀ ಕಾರ್ಖಾನೆಯನ್ನು ಕಾಗದದ ಮೇಲೆ ಕಟ್ಟುವ ವಿನ್ಯಾಸ ಕಾರ್ಯ. ಇಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಅಲ್ಲದೆ ಬಣ್ಣ, ಆಹಾರ, ಎಣ್ಣೆ, ನೂಲು, ಔಷಧ, ಪಾಲಿಮರ್, ಬಣ್ಣದ ಲೇಪನ ಮುಂತಾದವುಗಳ ತಂತ್ರಜ್ಞಾನಕ್ಕೂ ಬೇರೆ ಬೇರೆ ವಿಭಾಗಗಳು ಬೆಳೆದಿವೆ.

ಬಾಯಿಪಾಠದವರಿಗೆ ಇದು ಒಗ್ಗುವುದಿಲ್ಲ. ಉತ್ತರ ಒಂದೇ ಇರುವ ಪ್ರಶ್ನೆಗಳಿಗೆ ಅಭ್ಯಾಸವಾದ ಮಕ್ಕಳು ಇಲ್ಲಿ ಮೊದಲ ವರ್ಷ ತಬ್ಬಿಬ್ಬಾಗುವುದುಂಟು. ಪಂಪು ದೊಡ್ಡದಿಟ್ಟರೆ ವಿದ್ಯುತ್ ಖರ್ಚು, ಕೊಳವೆ ದಪ್ಪವಿಟ್ಟರೆ ಉಕ್ಕಿನ ಖರ್ಚು. ಯಾವುದು ಸರಿ? ಎರಡೂ ಸರಿ, ಎರಡೂ ತಪ್ಪು. ಲೆಕ್ಕ ಹಾಕಿ ಆರಿಸಿಕೊಳ್ಳಬೇಕು, ಆರಿಸಿದ್ದಕ್ಕೆ ಕಾರಣ ಕೊಡಬೇಕು.

ಗುಳ್ಳೆಗಳನ್ನು ಅಳೆದವರು

ಈ ಸಂಸ್ಥೆಯ ಹೆಸರನ್ನು ಜಗತ್ತಿಗೆ ತಿಳಿಸಿದ್ದು ಅದರ ಸಂಶೋಧನೆ. ಕೇಂಬ್ರಿಜ್‌ನಲ್ಲಿ ಪ್ರೊ. ಡ್ಯಾಂಕ್‌ವರ್ಟ್ಸ್ ಅವರ ಬಳಿ ಪಿಎಚ್.ಡಿ. ಮುಗಿಸಿದ ಮನಮೋಹನ ಶರ್ಮ 1964ರಲ್ಲಿ ಇಲ್ಲಿ ಪ್ರಾಧ್ಯಾಪಕರಾದಾಗ ಅವರ ವಯಸ್ಸು 27. ಅವರು ಕೈಗೆತ್ತಿಕೊಂಡ ಸಮಸ್ಯೆ ನೋಡಲು ಸರಳ. ಒಂದು ದ್ರವದೊಳಗೆ ಅನಿಲದ ಗುಳ್ಳೆಗಳನ್ನು ಬಿಟ್ಟರೆ, ಲಕ್ಷಾಂತರ ಗುಳ್ಳೆಗಳ ಒಟ್ಟು ಹೊರಮೈ ಎಷ್ಟು? ಅನಿಲ ದ್ರವದೊಡನೆ ಸೇರುವುದು ಆ ಹೊರಮೈಯಲ್ಲೇ ಆದ್ದರಿಂದ ಕಾರ್ಖಾನೆಗೆ ಈ ಸಂಖ್ಯೆ ಬೇಕೇ ಬೇಕು. ಗುಳ್ಳೆಗಳನ್ನು ಎಣಿಸುವುದು ಸಾಧ್ಯವಿಲ್ಲ.

ಶರ್ಮ ಮತ್ತು ಡ್ಯಾಂಕ್‌ವರ್ಟ್ಸ್ ಬೆಳೆಸಿದ ವಿಧಾನವೆಂದರೆ ರಸಾಯನ ಕ್ರಿಯೆಯನ್ನೇ ಅಳತೆಗೋಲು ಮಾಡುವುದು. ವೇಗ ಖಚಿತವಾಗಿ ಗೊತ್ತಿರುವ ಒಂದು ಕ್ರಿಯೆಯನ್ನು ಆರಿಸಿ, ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಅನಿಲ ಕರಗುತ್ತದೆ ಎಂದು ಮೊದಲೇ ತಿಳಿದುಕೊಳ್ಳುವುದು. ಆಮೇಲೆ ದೊಡ್ಡ ಪಾತ್ರೆಯಲ್ಲಿ ಒಟ್ಟು ಕರಗಿದ ಅನಿಲವನ್ನು ಅದರಿಂದ ಭಾಗಿಸಿದರೆ ಹೊರಮೈ ಸಿಕ್ಕಿತು. ಪಿಯುಸಿ ವಿದ್ಯಾರ್ಥಿಗೂ ಅರ್ಥವಾಗುವ ಈ ಯುಕ್ತಿ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಬಳಕೆಗೆ ಬಂತು. 1990ರಲ್ಲಿ ಶರ್ಮ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಆ ಗೌರವ ಪಡೆದ ಮೊದಲ ಭಾರತೀಯ ಎಂಜಿನಿಯರು ಅವರೇ.

ಅವರ ಮಾರ್ಗದರ್ಶನದಲ್ಲಿ 1969ರಲ್ಲಿ ಪಿಎಚ್.ಡಿ. ಪಡೆದವರು ರಘುನಾಥ ಮಾಶೇಲ್ಕರ್. ಗೋವೆಯ ಮಾಶೇಲ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಮುಂಬಯಿಯಲ್ಲಿ ತಾಯಿಯ ಕೂಲಿಯ ಮೇಲೆ ಬೆಳೆದ ಹುಡುಗ. ಬೀದಿ ದೀಪದ ಬೆಳಕಿನಲ್ಲಿ ಓದಿದವರು. ಓದು ನಿಲ್ಲುವಂತಾದಾಗ ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ತಿಂಗಳಿಗೆ 60 ರೂಪಾಯಿಯ ವಿದ್ಯಾರ್ಥಿವೇತನ ಕೈಹಿಡಿಯಿತು. ಮುಂದೆ ಸಿಎಸ್‌ಐಆರ್‌ನ ಮಹಾನಿರ್ದೇಶಕರಾಗಿ, ಗಾಯಕ್ಕೆ ಅರಿಶಿನ ಹಚ್ಚುವ ನಮ್ಮ ಅಜ್ಜಿಯರ ತಿಳಿವಳಿಕೆಗೆ ಅಮೆರಿಕದಲ್ಲಿ ಕೊಡಲಾಗಿದ್ದ ಪೇಟೆಂಟು 1997ರಲ್ಲಿ ರದ್ದಾಗುವಂತೆ ಹೋರಾಡಿದರು. ಡಾ. ರೆಡ್ಡೀಸ್ ಔಷಧ ಕಂಪನಿ ಕಟ್ಟಿದ ಅಂಜಿ ರೆಡ್ಡಿ, ರಿಲಯನ್ಸ್‌ನ ಮುಖೇಶ್ ಅಂಬಾನಿ ಸಹ ಇಲ್ಲಿಯ ಹಳೆಯ ವಿದ್ಯಾರ್ಥಿಗಳೇ.

ಸಂಶೋಧನೆಯ ದಾರಿ ಮಾತ್ರ ಹೂವಿನದಲ್ಲ. ಒಂದು ಕ್ರಿಯಾವರ್ಧಕದ ಹಿಂದೆ ವರ್ಷಗಟ್ಟಲೆ ಹೋಗುತ್ತದೆ. ವಾರವಿಡೀ ಕಾದು ತೆಗೆದ ಅಂಕಿಗಳು ಒಂದು ಸಣ್ಣ ಸೋರಿಕೆಯಿಂದ ವ್ಯರ್ಥವಾಗುತ್ತವೆ. ಗೆಳೆಯರು ಸಂಬಳ ಎಣಿಸುವಾಗ ಫೆಲೋಶಿಪ್ಪಿನಲ್ಲಿ ದಿನ ದೂಡಬೇಕು. ಮನೆಯವರ ತಾಳ್ಮೆಯೂ ಇಲ್ಲಿ ಬೇಕಾಗುವ ಒಂದು ಸಾಮಗ್ರಿ.

ಆ ರಾತ್ರಿಯ ಪಾಠ

ಅಪ್ಪನ ಎರಡನೆಯ ಪ್ರಶ್ನೆ ಅಪಾಯದ್ದು. ಅದನ್ನು ಮುಚ್ಚಿಡುವ ಅಧ್ಯಾಪಕ ವಿದ್ಯಾರ್ಥಿಗೆ ದ್ರೋಹ ಮಾಡುತ್ತಾನೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ನಂಬರಿನ ಟ್ಯಾಂಕಿಗೆ ನೀರು ಸೇರಿತು. ಒಳಗಿದ್ದದ್ದು ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್. ನೀರಿನೊಡನೆ ಅದರ ಕ್ರಿಯೆ ಶಾಖ ಬಿಡುವಂಥದು. ಟ್ಯಾಂಕನ್ನು ತಣ್ಣಗಿಡುವ ಶೈತ್ಯ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಅನಿಲವನ್ನು ಸುಡಬೇಕಾದ ಗೋಪುರ ಕೆಲಸದಲ್ಲಿರಲಿಲ್ಲ. ಕಾವು, ವೇಗ, ಮತ್ತಷ್ಟು ಕಾವು. ವಿಷದ ಅನಿಲ ಮಲಗಿದ್ದ ಊರಿನ ಮೇಲೆ ಹರಡಿತು. ಸಾವಿರಾರು ಜನ ಸತ್ತರು; ಬದುಕಿದವರಲ್ಲಿ ಎಷ್ಟೋ ಮಂದಿ ಜೀವನವಿಡೀ ನರಳಿದರು.

ಬೀಕರಿನಲ್ಲಿ ಒಂದು ತೊಟ್ಟು ಇದ್ದಿದ್ದರೆ ಕಿಟಕಿ ತೆರೆದು ಹೊರಗೆ ನಿಲ್ಲಬಹುದಿತ್ತು. 40 ಟನ್ ಇದ್ದಾಗ ಇಡೀ ಊರು ಓಡಬೇಕಾಯಿತು. ಹೊರಮೈ, ಪ್ರಮಾಣ, ಶಾಖ ಎಂಬ ಮೊದಲ ವರ್ಷದ ಪಾಠಗಳಿಗೆ ಇಷ್ಟು ದುಬಾರಿ ಟಿಪ್ಪಣಿ ಬೇರೊಂದಿಲ್ಲ. ವಿಷವಸ್ತುವನ್ನು ರಾಶಿ ಹಾಕದೆ ಬೇಕಾದಾಗ ಬೇಕಾದಷ್ಟೇ ತಯಾರಿಸಿ ಬಳಸುವುದು, ಸಾಧ್ಯವಾದರೆ ವಿಷವೇ ಇಲ್ಲದ ದಾರಿ ಹುಡುಕುವುದು, ನೀರು ಮತ್ತು ದ್ರಾವಕಗಳನ್ನು ಮರುಬಳಕೆ ಮಾಡುವುದು ಇಂದಿನ ಸಂಶೋಧನೆಯ ದೊಡ್ಡ ಭಾಗ. ಮಾಟುಂಗದಿಂದ ಕೆಲವೇ ಕಿಲೋಮೀಟರ್ ದೂರದ ಚೆಂಬೂರು, ಮಾಹುಲ್‌ಗಳಲ್ಲಿ 1950ರ ದಶಕದಿಂದ ತೈಲ ಶುದ್ಧೀಕರಣ ಘಟಕಗಳಿವೆ, ಟ್ರಾಂಬೆಯಲ್ಲಿ ಗೊಬ್ಬರದ ಕಾರ್ಖಾನೆಯಿದೆ. ಅವುಗಳ ಬೇಲಿಯ ತನಕ ಮನೆಗಳು ಬಂದಿವೆ. ಆ ಮನೆಗಳಲ್ಲಿ ಮಲಗುವ ಮಕ್ಕಳ ನೆಮ್ಮದಿ ಒಳಗೆ ಕವಾಟ ನೋಡಿಕೊಳ್ಳುವ ಎಂಜಿನಿಯರಿನ ಕೈಯಲ್ಲಿದೆ. ಅಪಾಯವಿದೆ ಎಂಬ ಕಾರಣಕ್ಕೆ ಜಾಣ ಮಕ್ಕಳು ಈ ವಿದ್ಯೆಯಿಂದ ದೂರ ಸರಿದರೆ ಅಪಾಯ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ.

ಮುಂದೇನು?

ಮೂರನೆಯ ಪ್ರಶ್ನೆಗೆ ಭರವಸೆಯ ಪತ್ರ ಯಾರೂ ಬರೆದುಕೊಡಲಾರರು. ತೈಲ, ಔಷಧ, ಗೊಬ್ಬರ, ಆಹಾರ, ಸಿಮೆಂಟು, ಕಾಗದ, ಬ್ಯಾಟರಿ, ನೀರಿನ ಶುದ್ಧೀಕರಣ ಎಲ್ಲ ಕಡೆಯೂ ಈ ಎಂಜಿನಿಯರು ಬೇಕು. ಆದರೆ ಕೆಲಸ ಹೆಚ್ಚಾಗಿ ಕಾರ್ಖಾನೆ ಇರುವ ಕಡೆ, ಊರಿನಿಂದ ದೂರ, ಪಾಳಿಯ ಮೇಲೆ. ಆರಂಭದ ಸಂಬಳ ಸಾಫ್ಟ್‌ವೇರಿನ ದೊಡ್ಡ ಕಂಪನಿಗಳಷ್ಟು ಇರಲಿಕ್ಕಿಲ್ಲ. ಇದನ್ನು ತಿಳಿದೇ ಬರಬೇಕು. ಬೆಂಕಿ, ನೀರು, ಹಬೆ, ಹದ ಇವುಗಳಲ್ಲಿ ಕುತೂಹಲ ಇರುವ ಮಗುವಿಗೆ ಮಾತ್ರ ಈ ದಾರಿ.

ಸಂಜೆ ಮಾಟುಂಗದ ಹೋಟೆಲಿನಲ್ಲಿ ಅಪ್ಪ ಮಗಳು ಕಾಫಿಗೆ ಕೂತಾಗ, ಅಪ್ಪ ಲೋಟದ ಕಾಫಿಯನ್ನು ಬಟ್ಟಲಿಗೆ ಸುರಿದು ಆರಿಸುತ್ತಾರೆ. "ಹೊರಮೈ ಜಾಸ್ತಿ ಆಯ್ತು ನೋಡಿ ಅಪ್ಪ" ಎನ್ನುತ್ತಾಳೆ ಮಗಳು. ಅಪ್ಪ ಒಂದು ಗುಟುಕು ಕುಡಿದು, "ನಮ್ಮ ಕೊಪ್ಪರಿಗೆ ಹಬೆನೂ ಹಿಡಿಯೋಕಾಯ್ತದೇನವ್ವ?" ಎಂದು ಕೇಳುತ್ತಾರೆ. ನಾಲ್ಕನೆಯ ಪ್ರಶ್ನೆ ಅದು. ಮೊದಲ ಮೂರಕ್ಕಿಂತ ದೊಡ್ಡದು.

ತಿಳಿದಿರಲಿ

ಪದವಿಗೆ ಮಹಾರಾಷ್ಟ್ರದ ಹೊರಗಿನವರು ಅಖಿಲ ಭಾರತ ಸೀಟುಗಳಿಗೆ ಜೆಇಇ ಮೇನ್ ಪರೀಕ್ಷೆಯ ಆಧಾರದ ಮೇಲೆ ಅರ್ಜಿ ಹಾಕಬೇಕು. ಕರ್ನಾಟಕದ ಸಿಇಟಿ ರ‍್ಯಾಂಕು ಇಲ್ಲಿ ನಡೆಯುವುದಿಲ್ಲ. ಸ್ನಾತಕೋತ್ತರ ಎಂಜಿನಿಯರಿಂಗಿಗೆ ಗೇಟ್ ಪರೀಕ್ಷೆ ಬರೆಯುವುದು ಒಳ್ಳೆಯದು. ನಿಯಮ, ಶುಲ್ಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಅಷ್ಟು ದೂರ ಬೇಡ ಎನ್ನುವವರಿಗೆ ಸುರತ್ಕಲ್ಲಿನ ಎನ್‌ಐಟಿಕೆ, ಬೆಂಗಳೂರಿನ ಆರ್.ವಿ. ಕಾಲೇಜು ಮೊದಲಾದ ಕಡೆ ಇದೇ ಪದವಿ ಇದೆ. ಸಂಶೋಧನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಮಿಕಲ್ ಎಂಜಿನಿಯರಿಂಗ್ ವಿಭಾಗವೂ ಇದೆ.